ಎಳೆದು ಹಿಡಿದ ಅಳತೆ

ಇಪ್ಪತ್ಮೂರು ವರ್ಷಗಳ ಹಿಂದೆ, ಹೊಲಿಗೆ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟು, ಮಾವ ಅತ್ತೆಗೆ ಒಂದು ಮಾತು ಕೊಟ್ಟಿದ್ದರು: ಈ ಮನೆಯ ಹೆಂಗಸರ ಒಳಮೈಗೆ ಇನ್ನು ಮೇಲೆ ಆಸ್ಪತ್ರೆಯವರು ಯಾರೂ ಕೈ ಹಾಕುವುದಿಲ್ಲ, ಹಾಕಲು ತಾನು ಬಿಡುವುದಿಲ್ಲ. ಅತ್ತೆಯ ಎರಡನೆಯ ಮಗು ಆರು ತಿಂಗಳಿಗೇ ಹೋಗಿ ಆಗ ಒಂಬತ್ತು ದಿನವಾಗಿತ್ತು. ಒಬ್ಬ ದೊಡ್ಡ ಡಾಕ್ಟರ್ ಬೆನ್ನ ಹಿಂದೆ ಆರು ಜನ ಕಲಿಯುವವರನ್ನು ನಿಲ್ಲಿಸಿಕೊಂಡು, ಅತ್ತೆಯ ಮುಖವನ್ನೂ ನೋಡದೆ, ಒಳಗೆ ಕೈ ಹಾಕಿ ಪರೀಕ್ಷಿಸಿ, ಪಾಠ ಹೇಳಿ ಹೋಗಿದ್ದ. ಅದೇ ಸಂಜೆ ಮಗು ಹೋಯಿತು. ಅತ್ತೆ ಎರಡನ್ನೂ ಗಂಟು ಹಾಕಿದರು. ಆಮೇಲಿನ ಮಗಳನ್ನು ಮನೆಯಲ್ಲೇ ಹೆತ್ತರು.

ಆ ಮಗಳಿಗೆ ಈಗ ಇಪ್ಪತ್ತೊಂದು. ಔಷಧಿ ಅಂಗಡಿಯಲ್ಲಿ ಕೆಲಸ. ಮಗನಿಗೆ ಮೂವತ್ತು, ಮನೆಯಲ್ಲಿ ಹೊಲಿದ ಚೀಲಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಚಪ್ಪಲಿ ಕಾರ್ಖಾನೆಗೆ ಹಾಕಿ, ಬರುವಾಗ ಬಟ್ಟೆಯ ಥಾನು ತರುತ್ತಾನೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಮೂರು ಯಂತ್ರ, ಒಂದು ಉದ್ದನೆ ಮೇಜು. ಒಂದೊಂದು ಜೋಡಿ ಚಪ್ಪಲಿಗೆ ಒಂದೊಂದು ಚೀಲ, ಬಾಯಿಗೆ ಲಾಡಿ. ಬಟ್ಟೆ ಕತ್ತರಿಸುವುದು ಅತ್ತೆ, ಯಂತ್ರ ರಿಪೇರಿ ಮತ್ತು ಇಸ್ತ್ರಿ ಮಾವ, ಹೊಲಿಗೆ ಸೊಸೆ. ಬೀದಿಯವರು ಅತ್ತೆಯನ್ನು ಕತ್ತರಿಯಮ್ಮ ಅನ್ನುತ್ತಾರೆ. ಬಟ್ಟೆಗಾಗಿ ಅಷ್ಟೇ ಅಲ್ಲ.

ಕತ್ತರಿಯಮ್ಮನದು ಒಂದೇ ಕಾನೂನು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಕೊಡವಿ, ಅದು ತನ್ನಷ್ಟಕ್ಕೆ ಮಲಗುವವರೆಗೆ ಟೇಪು ಮುಟ್ಟಬಾರದು. ಮೂರು ವರ್ಷದ ಹಿಂದೆ ಮಗ ಅವಸರದಲ್ಲಿ ಹಿಗ್ಗುವ ಬಟ್ಟೆಯೊಂದನ್ನು ಎರಡೂ ಕಡೆ ಎಳೆದು ಕ್ಲಿಪ್ಪು ಹಾಕಿ ಅಳತೆ ಹಿಡಿದ. ಕ್ಲಿಪ್ಪು ತೆಗೆದ ಮೇಲೆ ಮುನ್ನೂರು ಚೀಲ ಎರಡು ಬೆರಳು ಗಿಡ್ಡ. ಚಪ್ಪಲಿ ಕಾರ್ಖಾನೆಯವರು ಎಲ್ಲವನ್ನೂ ವಾಪಸ್ ಕಳಿಸಿದರು. ಅತ್ತೆ ಮಗನನ್ನು ಒಂದು ವಾರ ಬೈದರು, ಎರಡನೆಯ ವಾರ ಜ್ಞಾಪಿಸಿದರು.

ಹೋದ ವರ್ಷ ಸೊಸೆಯ ಮೊದಲ ಬಸುರು ಐದು ತಿಂಗಳಿಗೆ ಹೋಗಿತ್ತು. ನೋವಿಲ್ಲ, ಸೂಚನೆಯಿಲ್ಲ. ಕೆಳಹೊಟ್ಟೆ ಭಾರ ಅಂದಳು, ಆಸ್ಪತ್ರೆಗೆ ಹೋಗಿ ಬಂದಳು, ಒಂದು ಬೆಳಿಗ್ಗೆ ಬಚ್ಚಲಿಗೆ ಹೋದಳು, ಮುಗಿಯಿತು. ಈ ವರ್ಷ ಮತ್ತೆ ನಿಂತಿತ್ತು. ಹದಿನಾರನೆಯ ವಾರಕ್ಕೆ ಅತ್ತೆಯೇ ಅವಳನ್ನು ಬೀದಿ ಕೊನೆಯ ಸ್ಕ್ಯಾನ್ ಅಂಗಡಿಗೆ ಕಳಿಸಿದರು. ಅಲ್ಲಿ ಹೊಟ್ಟೆಯ ಮೇಲಿಂದ ಮಾತ್ರ ನೋಡುತ್ತಾರೆ.

ರಾತ್ರಿ ಊಟಕ್ಕೆ ಅನ್ನ, ಬೇಳೆ, ಹುರಿದ ಬೆಂಡೆಕಾಯಿ. ನಾದಿನಿ ಎಡಗೈಯಲ್ಲಿ ವರದಿ ಹಿಡಿದು ಓದಿದಳು.

"ಗರ್ಭಕೋಶದ ಬಾಯಿಯ ಉದ್ದ ಮೂವತ್ತೆಂಟು ಮಿಲಿಮೀಟರ್."

"ಹಾಗಂದ್ರೆ?" ಅಂದರು ಮಾವ.

"ಬಾಗಿಲು ಭದ್ರವಾಗಿದೆ ಅಂತ ಅಪ್ಪ. ಇಪ್ಪತ್ತೈದಕ್ಕಿಂತ ಕಡಿಮೆ ಇದ್ರೆ ಭಯ. ಅತ್ತಿಗೆದು ಬೇಕಾದಷ್ಟಿದೆ."

ಅತ್ತೆ ಎದ್ದು ಹೋಗಿ, ಮೇಜಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಮೂವತ್ತೆಂಟು ಮಿಲಿಮೀಟರಿನ ಒಂದು ಗೆರೆ ಎಳೆದರು. "ನೋಡಿ ಎಲ್ಲರೂ. ಇಷ್ಟುದ್ದ ಇದೆ. ಮೇಲಿಂದ ನೋಡಿದ್ರೂ ಕಾಣುತ್ತೆ ಅಂತ ಹೇಳಿರಲಿಲ್ವಾ ನಾನು? ಒಳಗೆ ಹೋಗಿ ತಡಕಾಡೋದು ಯಾತಕ್ಕೆ?"

"ಮೇಜಿನ ಮೇಲೆ ಬರೆದಿದೀಯ. ನಾಳೆ ಮರೆತು ಅದನ್ನೂ ಕತ್ತರಿಸಿಬಿಟ್ಟೀಯ," ಅಂದಳು ನಾದಿನಿ.

"ನಿನ್ನ ನಾಲಿಗೆ ಅಳೆಯೋಕೆ ಹೋದ್ರೆ ನನ್ನ ಟೇಪು ಸಾಲಲ್ಲ. ಮುಚ್ಕೊಂಡು ಊಟ ಮಾಡು."

"ನನಗಂತೂ ಉದ್ದ ಅಗಲ ಯಾವುದೂ ಬೇಡವಾಗಿತ್ತು," ಅಂದಳು ಸೊಸೆ. "ಮೂರು ಲೋಟ ನೀರು ಕುಡಿಸಿ ಒಂದೂವರೆ ಗಂಟೆ ಕೂರಿಸಿದ್ರು. ಉಚ್ಚೆ ತಡ್ಕೊಂಡು ಕಣ್ಣಲ್ಲಿ ನೀರು ಬಂತು."

ಎಲ್ಲರೂ ನಕ್ಕರು. ಅತ್ತೆ ತಮ್ಮ ತಟ್ಟೆಯ ಬೆಂಡೆಕಾಯಿಯನ್ನು ಸೊಸೆಯ ತಟ್ಟೆಗೆ ದಾಟಿಸಿದರು.

ಹದಿನೆಂಟನೆಯ ವಾರ ಸೊಸೆ ಆ ವರದಿ ಹಿಡಿದು ದೊಡ್ಡ ಆಸ್ಪತ್ರೆಗೆ ಒಬ್ಬಳೇ ಹೋದಳು. ಡಾಕ್ಟರು ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕತ್ತಿಗೆ ನೇತುಹಾಕಿಕೊಂಡಿದ್ದರು. ವರದಿಯನ್ನು ಎರಡು ಸಲ ಓದಿದರು.

"ಹೋದ ಸಲ ನೋವು ಬಂತಾ?"

"ಇಲ್ಲ. ಭಾರ ಇತ್ತು, ಅಷ್ಟೇ."

"ಈಗ?"

"ನಾಲ್ಕು ದಿನದಿಂದ ಇದೆ. ಸ್ವಲ್ಪ."

"ಈ ಸ್ಕ್ಯಾನ್ ಹೇಗೆ ಮಾಡಿದ್ರು?"

"ಹೊಟ್ಟೆ ಮೇಲೆ. ನೀರು ಕುಡಿಸಿ."

ಡಾಕ್ಟರು ವರದಿಯನ್ನು ಮಡಚಿಟ್ಟರು. "ಹಾಗಾದ್ರೆ ಈ ಮೂವತ್ತೆಂಟನ್ನ ನಾನು ನಂಬಲ್ಲಮ್ಮ. ಮೂತ್ರದ ಚೀಲ ತುಂಬಿದ್ರೆ ಪಕ್ಕದಿಂದ ಒತ್ತುತ್ತೆ. ಆಗ ಗರ್ಭಕೋಶದ ಬಾಯಿ ಎಳೆದ ಹಾಗಾಗಿ ಇರೋದಕ್ಕಿಂತ ಉದ್ದ ಕಾಣುತ್ತೆ. ಮೂತ್ರ ಖಾಲಿ ಮಾಡಿ, ಕೆಳಗಿನಿಂದ ನೋಡಿದ್ರೇನೇ ಸರಿಯಾದ ಅಳತೆ."

"ಎಳೆದ ಹಾಗಾ?"

"ಹೂಂ."

"ಬಟ್ಟೆ ಥರ."

"ಬಟ್ಟೆ ಥರಾನೇ ಅಂದ್ಕೊಳ್ಳಿ," ಅಂದರು ಡಾಕ್ಟರು. ಅದರಲ್ಲಿ ಅಂಥ ವಿಶೇಷವೇನೆಂದು ಅವರಿಗೆ ತಿಳಿಯಲಿಲ್ಲ.

"ಕೆಳಗಿನಿಂದ ಮಾಡಿದ್ರೆ ಮಗುವಿಗೆ ಏನಾದ್ರೂ ಆಗುತ್ತಾ?"

"ಆಗಲ್ಲ. ಸ್ಕ್ಯಾನಿನ ಕಡ್ಡಿ ಗರ್ಭಕೋಶದ ಬಾಯಿಯ ಹತ್ತಿರ ನಿಲ್ಲುತ್ತೆ, ಅದನ್ನ ದಾಟಿ ಹೋಗಲ್ಲ. ಗುರುವಾರ ಬನ್ನಿ. ಮುಂದಕ್ಕೆ ಹಾಕಬೇಡಿ."

ಮನೆಗೆ ಬಂದಾಗ ಅತ್ತೆ ನಲವತ್ತು ಪದರ ಬಟ್ಟೆಯ ಮೇಲೆ ಬಗ್ಗಿದ್ದರು. ಸೊಸೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮೇಜಿನ ಎದುರು ಬಂದು ನಿಂತಳು.

"ಗುರುವಾರ ಇನ್ನೊಂದು ಸ್ಕ್ಯಾನ್ ಇದೆ ಅತ್ತೆ. ಕೆಳಗಿನಿಂದ."

ಕತ್ತರಿ ನಿಂತಿತು. "ಬೇಡ."

"ಕೇಳ್ತಾ ಇಲ್ಲ. ಹೇಳ್ತಾ ಇದೀನಿ."

"ಒಂದು ಸಲ ನೋಡಿ ಆಯ್ತಲ್ಲ. ಮೂವತ್ತೆಂಟು. ಗೆರೆ ಇನ್ನೂ ಅಳಿಸಿಲ್ಲ ನಾನು."

"ಅದು ಎಳೆದು ಹಿಡಿದು ತೆಗೆದ ಅಳತೆ."

"ಏನಂದೆ?"

ಸೊಸೆ ಡಾಕ್ಟರು ಹೇಳಿದ್ದನ್ನು ಹೇಳಿದಳು. ಆಮೇಲೆ ತನ್ನದನ್ನೂ ಹೇಳಿದಳು. "ಈ ಮನೆಗೆ ಬಂದ ದಿನದಿಂದ ನೀವು ನನಗೆ ಕಲಿಸಿದ್ದು ಒಂದೇ. ಎಳೆದು ಹಿಡಿದ ಅಳತೆ ಅಳತೆಯಲ್ಲ. ಮುನ್ನೂರು ಚೀಲಕ್ಕೆ ನಿಮ್ಮ ಮಗನ್ನ ಒಂದು ವಾರ ನೀರಿಳಿಸಿದ್ರಿ. ನನ್ನ ಮಗು ಮುನ್ನೂರು ಚೀಲಕ್ಕಿಂತ ಕಡೆಯಾ?"

"ಬಟ್ಟೆ ಬೇರೆ, ಮೈ ಬೇರೆ."

"ಅಳತೆ ಒಂದೇ."

"ನನಗೆ ಪಾಠ ಹೇಳಬೇಡ ಕಣೇ. ಅವತ್ತು ಆ ಕೈ ಹಾಕದೇ ಇದ್ದಿದ್ರೆ ಇವತ್ತು ನನ್ನ ಮಗನಿಗೊಬ್ಬ ತಮ್ಮ ಇರ್ತಿದ್ದ."

"ನನ್ನದು ಯಾರೂ ಕೈ ಹಾಕದೇನೇ ಹೋಯ್ತಲ್ಲ ಅತ್ತೆ. ಅದಕ್ಕೇನಂತೀರಿ?"

ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದ ಮಾವ ಅದನ್ನು ನೆಟ್ಟಗೆ ನಿಲ್ಲಿಸಿ ಹಿತ್ತಲಿಗೆ ಹೋದರು. ಅತ್ತೆ ಕತ್ತರಿಯನ್ನು ಬಟ್ಟೆಯ ಮೇಲಿಟ್ಟು, "ಈ ಮನೇಲಿ ಒಂದು ಮಾತಿದೆ. ನಿನ್ನ ಮಾವ ಕೊಟ್ಟಿದ್ದು," ಅಂದರು.

"ಮಾವ ಕೊಟ್ಟಿರಬಹುದು. ಮೈ ನನ್ನದು. ನಾನು ಯಾರಿಗೂ ಏನೂ ಕೊಟ್ಟಿಲ್ಲ."

ಆವತ್ತು ಬೇಳೆಗೆ ಉಪ್ಪು ಬಿದ್ದಿರಲಿಲ್ಲ. ಯಾರೂ ಕೇಳಲಿಲ್ಲ, ಉಪ್ಪಿನ ಡಬ್ಬಿ ಸದ್ದಿಲ್ಲದೆ ಕೈಯಿಂದ ಕೈಗೆ ಹೋಯಿತು.

"ಒಂದು ವಾರ ಬಿಟ್ಟು ನೋಡೋಣ," ಅಂದ ಗಂಡ. "ಅಮ್ಮನಿಗೆ ನಾನು ನಿಧಾನಕ್ಕೆ ಹೇಳ್ತೀನಿ."

"ಯಾವಾಗ ಹೇಳ್ತೀರಿ? ಮಗು ಶಾಲೆಗೆ ಸೇರಿದ ಮೇಲಾ?"

"ಅಲ್ಲ ಕಣೆ, ಅವಳ ಸ್ವಭಾವ ನಿನಗೆ ಗೊತ್ತಲ್ಲ."

"ಗೊತ್ತು. ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ. ಗುರುವಾರ ವ್ಯಾನಲ್ಲಿ ಬಿಡ್ತೀರೋ, ಬಸ್ಸಲ್ಲಿ ಹೋಗಲೋ?"

"ಅಣ್ಣ, ಬಿಡ್ತೀನಿ ಅನ್ನು," ಅಂದಳು ನಾದಿನಿ, ಬಾಯಲ್ಲಿ ಅನ್ನ ಇಟ್ಟುಕೊಂಡೇ. "ಇಲ್ಲದಿದ್ರೆ ಮುನ್ನೂರು ಚೀಲದ ಕಥೆ ಮತ್ತೆ ಶುರುವಾಗುತ್ತೆ."

"ಬಿಡ್ತೀನಿ," ಅಂದ ಗಂಡ.

ಅತ್ತೆ ತಟ್ಟೆ ಎತ್ತಿಕೊಂಡು ಎದ್ದು ಹೋದರು.

ಬುಧವಾರ ಮಧ್ಯಾಹ್ನ ಸೊಸೆಯ ಯಂತ್ರ ದಾರ ಕಡಿಯತೊಡಗಿತು. ಮಾವ ಬಂದು ಚಕ್ರ ತಿರುಗಿಸಿ, ಬಾಬಿನ್ನು ಬಿಚ್ಚಿ, ಎಣ್ಣೆ ಬಿಟ್ಟರು. ಕೆಲಸ ಮುಗಿದರೂ ಏಳಲಿಲ್ಲ.

"ಹೋದ ವರ್ಷ ಭಾರ ಅಂದಾಗ ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನಲ್ವಾ."

"ಹೌದು ಮಾವ."

"ನೀನು ಬೆಂಚಿನ ಮೇಲೆ ಕೂತಿದ್ದೆ. ಕಿಟಕಿಯಲ್ಲಿದ್ದ ಹುಡುಗಿ ಒಂದು ಕಾಗದ ಕೊಟ್ಟಳು. ಡಾಕ್ಟರು ಒಳಗಿನ ಸ್ಕ್ಯಾನ್ ಬರೆದಿದಾರೆ, ಒಪ್ಪಿಗೆ ಇದ್ರೆ ಸಹಿ ಹಾಕಿಸಿ ಅಂದಳು." ಮಾವ ಎಣ್ಣೆಯ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ನಾನು ಬೇಡ ಅಂದೆ. ನಮ್ಮ ಮನೇಲಿ ಅದಿಲ್ಲ, ಮೇಲಿಂದ ನೋಡಿ ಸಾಕು ಅಂದೆ."

ಸೊಸೆ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ಆ ಕಾಗದ ನನ್ನ ಹತ್ತಿರ ಬರಲೇ ಇಲ್ಲ."

"ಇಲ್ಲ."

"ಅದಾದ ಎಷ್ಟನೇ ದಿನಕ್ಕೆ ಹೋಯ್ತು?" ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ಆರನೇ ದಿನ."

ಅವಳು ಅಳಲಿಲ್ಲ. ಸೂಜಿಗೆ ದಾರ ಪೋಣಿಸಿದಳು.

"ಅವತ್ತು ನೋಡಿದ್ರೂ ಉಳೀತಿತ್ತೋ ಇಲ್ವೋ, ನನಗೆ ಗೊತ್ತಿಲ್ಲ," ಅಂದಳು. "ಆದ್ರೆ ಇದನ್ನ ನಾನು ಮರೆಯಲ್ಲ ಮಾವ."

"ಮರೀಬೇಡ." ಮಾವ ಎದ್ದರು. "ನಾಳೆ ಏಳೂವರೆಗೆ ಹೊರಡೋಣ. ನಾನೂ ಬರ್ತೀನಿ."

"ನೀವು ಯಾಕೆ?"

"ಬೇಡ ಅಂದಿದ್ದು ಇದೇ ಬಾಯಿ. ಅದೇ ಕಿಟಕಿಯಲ್ಲಿ ಒಂದು ಸಲ ಬಾಯಿ ಮುಚ್ಕೊಂಡು ನಿಂತು ಬರ್ತೀನಿ."

ಗುರುವಾರ ವ್ಯಾನಿನಲ್ಲಿ ಗಂಡನ ಪಕ್ಕ ಸೊಸೆ, ಹಿಂದೆ ಚೀಲದ ಮೂಟೆಗಳ ನಡುವೆ ಮಾವ. ಅತ್ತೆ ಬಾಗಿಲಿಗೆ ಬರಲಿಲ್ಲ. ಒಳಗಿನಿಂದ ಕತ್ತರಿಯ ಸದ್ದು ಕೇಳಿಸುತ್ತಿತ್ತು, ಎಂದಿಗಿಂತ ಜೋರಾಗಿ.

ಆಸ್ಪತ್ರೆಯ ಕಿಟಕಿಯಲ್ಲಿ ಬೇರೆ ಹುಡುಗಿ ಇದ್ದಳು. ಅಭ್ಯಾಸಬಲದಿಂದ ಕಾಗದವನ್ನು ಮಾವನ ಕಡೆಗೆ ಚಾಚಿದಳು. ಮಾವ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಸೊಸೆ ಕಾಗದವನ್ನು ಪೂರ್ತಿ ಓದಿ ಸಹಿ ಹಾಕಿದಳು. ಆಮೇಲೆ ಶೌಚಾಲಯಕ್ಕೆ ಹೋಗಿ ಬಂದಳು.

ಕೋಣೆ ಚಿಕ್ಕದು, ಮಬ್ಬು ಬೆಳಕು. ಡಾಕ್ಟರು ಪ್ರತಿಯೊಂದನ್ನೂ ಮೊದಲು ಹೇಳಿ ಆಮೇಲೆ ಮಾಡಿದರು. ತಣ್ಣಗಿತ್ತು, ಕಸಿವಿಸಿಯಾಯಿತು, ನೋವಾಗಲಿಲ್ಲ. ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿದರು.

"ಇದು ಮಗುವಿನ ತಲೆ. ಅದರ ಕೆಳಗಿರೋದು ಗರ್ಭಕೋಶದ ಬಾಯಿ. ಇದು ಒಳಗಿನ ತುದಿ, ಇದು ಹೊರಗಿನ ತುದಿ." ಎರಡು ಕಡೆ ಒಂದೊಂದು ಕೂಡುವ ಗುರುತು ಬಿತ್ತು. ನಡುವೆ ಚುಕ್ಕಿಗಳ ಗೆರೆ. ಮೂಲೆಯಲ್ಲಿ ಅಂಕಿ: ಹತ್ತೊಂಬತ್ತು.

ಒಂದು ನಿಮಿಷ ಬಿಟ್ಟು ಮತ್ತೆ ಅಳೆದರು: ಹದಿನೆಂಟು. ಮೂರನೆಯ ಸಲ ಇನ್ನೊಂದು ಕೈಯಿಂದ ಹೊಟ್ಟೆಯ ಮೇಲ್ಭಾಗವನ್ನು ಮೆಲ್ಲಗೆ ಒತ್ತಿದರು. ಒಳಗಿನ ತುದಿ ಎಣ್ಣೆ ಸುರಿಯುವ ಆಲಿಕೆಯ ಹಾಗೆ ಅಗಲವಾಯಿತು. ಮಗುವಿನ ತಲೆಯ ಕೆಳಗೇ. ಹದಿನಾರು.

"ಮೂರರಲ್ಲಿ ಯಾವುದನ್ನ ಬರೀತೀರಿ?" ಕೇಳಿದಳು ಸೊಸೆ.

"ಎಲ್ಲಕ್ಕಿಂತ ಕಡಿಮೆ ಇರೋದನ್ನ."

"ಸರಿ. ಥಾನಿನ ಅಗಲ ಹೆಚ್ಚುಕಡಿಮೆ ಇದ್ರೆ ನಾವೂ ಕಡಿಮೇದನ್ನೇ ಹಿಡಿಯೋದು."

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಹೊಲಿಗೆಯವರಾ? ಹಾಗಾದ್ರೆ ಸುಲಭವಾಗಿ ಹೇಳಬಹುದು. ಶನಿವಾರ ಆ ಬಾಯಿ ಸುತ್ತ ಒಂದು ಹೊಲಿಗೆ ಹಾಕ್ತೀನಿ. ನಿಲ್ಲುತ್ತೆ ಅಂತ ಭಾಷೆ ಕೊಡಲ್ಲ. ಹಾಕದೇ ಇರೋದಕ್ಕಿಂತ ಒಳ್ಳೇದು."

"ಭಾಷೆ ಬೇಡ ಡಾಕ್ಟ್ರೇ. ನಮ್ಮ ಮನೇಲಿ ಅದು ಬೇಕಾದಷ್ಟಿದೆ. ಹೊಲಿಗೆ ಹಾಕಿ."

ಮನೆಗೆ ಬಂದವಳು ಸೀಮೆಸುಣ್ಣ ತೆಗೆದುಕೊಂಡು, ಮೇಜಿನ ಮೂಲೆಯ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದಳು. ಮೇಲಿನದರ ಅರ್ಧವೂ ಇರಲಿಲ್ಲ. ಅತ್ತೆ ಟೇಪು ಇಟ್ಟು ನೋಡಿದರು. ಎರಡು ಸಲ ನೋಡಿದರು. ಸಂಜೆಯ ಹೊತ್ತಿಗೆ ಮೇಲಿನ ಗೆರೆಯನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು.

ಶನಿವಾರ ಹೊಲಿಗೆ ಬಿತ್ತು. ಭಾನುವಾರ ಸೊಸೆ ಮನೆಗೆ ಬಂದಳು. ಅತ್ತೆ ಅವಳ ಜೊತೆ ನೇರವಾಗಿ ಮಾತಾಡಲಿಲ್ಲ. ಏನಿದ್ದರೂ ಒಲೆ ಮೇಲಿನ ಚಹಾದ ಪಾತ್ರೆಗೆ ಹೇಳುತ್ತಿದ್ದರು.

"ಕೆಲವರು ಇನ್ನು ನಾಲ್ಕು ತಿಂಗಳು ಕಾಲು ಮೇಲೆ ಮಾಡಿ ಮಲಗಿದ್ರೆ ಒಳ್ಳೇದು."

"ಡಾಕ್ಟರು ಮಲಗು ಅಂದಿಲ್ಲ ಅಂತ ಆ ಪಾತ್ರೆಗೆ ಹೇಳಿ," ಅಂದಳು ಸೊಸೆ. "ಭಾರ ಎತ್ತಬೇಡ, ಸುಮ್ಮನೆ ಮಲಗಿದ್ರಿಂದ ಏನೂ ಲಾಭ ಇಲ್ಲ ಅಂದ್ರು."

"ಡಾಕ್ಟರು ಹೇಳಿದ್ದೇ ವೇದವಾಕ್ಯ ಆಗಿಬಿಟ್ಟಿದೆ ಈ ಮನೇಲಿ."

"ಕತ್ತರಿಯಮ್ಮ ಹೇಳಿದ್ದನ್ನೇ ಡಾಕ್ಟರು ಹೇಳಿದ್ದು. ಅದಕ್ಕೇ ನಂಬಿದ್ದು."

ಮಾವ ಥಾನುಗಳನ್ನೆಲ್ಲ ತಾವೇ ಹೊರತೊಡಗಿದರು. ಸೊಸೆ ಒರಗುವ ಕುರ್ಚಿಯಲ್ಲಿ ಕೂತು ಲಾಡಿ ಪೋಣಿಸಿದಳು. ಗಂಡ ಬೆಳಿಗ್ಗೆ ಎದ್ದು ನೀರು ತುಂಬಿಸಿ ವ್ಯಾನು ಹತ್ತಿದ. ನಾದಿನಿ ಅದನ್ನು ನೋಡಿ, "ಅಣ್ಣನಿಗೆ ಬಕೆಟ್ಟಿನ ಹಿಡಿಕೆ ಯಾವ ಕಡೆ ಅಂತ ಗೊತ್ತಾಯ್ತು," ಅಂದಳು.

ಇಪ್ಪತ್ತೊಂದನೆಯ ವಾರ ಬಂತು. ಹೋದ ಸಲ ಮುಗಿದ ವಾರ. ಮನೆಯಲ್ಲಿ ಯಾರೂ ಅದರ ಹೆಸರೆತ್ತಲಿಲ್ಲ. ಸೊಸೆ ಬಚ್ಚಲಿಗೆ ಹೋದಾಗಲೆಲ್ಲ ಮುಂದಿನ ಕೋಣೆಯಲ್ಲಿ ಕತ್ತರಿ ನಿಲ್ಲುತ್ತಿತ್ತು. ಅವಳು ಹೊರಗೆ ಬಂದ ಮೇಲೆ ಶುರುವಾಗುತ್ತಿತ್ತು. ವಾರ ಕಳೆಯಿತು. ಸೋಮವಾರ ಅವಳ ತಟ್ಟೆಯಲ್ಲಿ ಒಂದರ ಬದಲು ಎರಡು ಮೊಟ್ಟೆ ಇದ್ದವು.

ಆ ಮಧ್ಯಾಹ್ನ ಅತ್ತೆ ಕುರ್ಚಿಯ ಪಕ್ಕ ಬಂದು ನಿಂತರು.

"ಎಂಥ ದಾರ?"

"ಏನತ್ತೆ?"

"ಒಳಗೆ ಹಾಕಿದಾರಲ್ಲ. ದಾರ ಎಂಥದ್ದು?"

"ದಪ್ಪದ್ದು. ಕರಗಲ್ಲವಂತೆ."

"ಹೇಗೆ ಹಾಕ್ತಾರೆ?"

ಸೊಸೆ ಮಡಿಲಲ್ಲಿದ್ದ ಚೀಲ ತೆಗೆದು ತೋರಿಸಿದಳು. "ಸುತ್ತ ನಾಲ್ಕು ಕಡೆ ಚುಚ್ಚಿ, ಹೀಗೆ ಎಳೆದು, ಗಂಟು."

ಅತ್ತೆ ಚೀಲ ತೆಗೆದುಕೊಂಡು ಲಾಡಿ ಎಳೆದರು, ಸಡಿಲ ಮಾಡಿದರು, ಮತ್ತೆ ಎಳೆದರು. "ಇಷ್ಟೇನಾ?"

"ಇಷ್ಟೇ."

"ಇಪ್ಪತ್ಮೂರು ವರ್ಷದ ಹಿಂದೆ ಇದು ಇತ್ತಾ?"

"ಇತ್ತಂತೆ. ಡಾಕ್ಟರನ್ನ ಕೇಳಿದೆ."

ಅತ್ತೆ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಹಿತ್ತಲಿಗೆ ಹೋದರು. ತುಂಬಾ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದಿದ್ದರು. "ಬಿಚ್ಚೋದು ಯಾವಾಗ?" ಅಂದರು.

"ಮೂವತ್ತೇಳನೇ ವಾರಕ್ಕೆ."

"ಅವತ್ತು ನಾನು ಬರ್ತೀನಿ. ನಿನ್ನ ಮಾವ ಬೇಡ. ಕಿಟಕಿಯಲ್ಲಿ ನಿಂತ್ಕೊಳ್ಳೋದು ಬಿಟ್ಟು ಅವರಿಗೆ ಏನೂ ಬರಲ್ಲ."

ಮೂವತ್ತೇಳನೆಯ ವಾರದ ಮಂಗಳವಾರ ಅತ್ತೆ ಹೊಲಿಗೆಯ ಕೋಣೆಗೆ ಬೀಗ ಹಾಕಿಸಿದರು. ಸೊಸೆಯ ಜೊತೆ ಒಳಗಿನ ಕೋಣೆಯವರೆಗೂ ಹೋದರು. ಒಬ್ಬರು ಜೊತೆಗಿರಬಹುದು ಅಂದಳು ನರ್ಸು. ಅತ್ತೆ ಮೇಜಿನ ತಲೆಯ ಕಡೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಅವರ ಕೈಚೀಲದಲ್ಲಿ ಕತ್ತರಿ ಇತ್ತು. ಯಾಕೆ ತಂದಿದ್ದರೋ ಯಾರಿಗೂ ಗೊತ್ತಿಲ್ಲ.

ಸೊಸೆ ಮಲಗಿ ಕಾಲು ಮಡಚಿದಳು. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಿದ್ದಾಗ ಬಾಗಿಲು ತೆರೆಯಿತು. ಬಿಳಿ ಕೋಟಿನ ಮೂವರು ಕಲಿಯುವವರು ಪುಸ್ತಕ ಹಿಡಿದು ಒಳಗೆ ಬಂದು ಸಾಲಾಗಿ ನಿಂತರು.

ಅತ್ತೆ ಗೋಡೆ ಬಿಟ್ಟು ಬಂದು ಅವರ ಮುಂದೆ ಅಡ್ಡ ನಿಂತರು.

"ಅವಳನ್ನ ಕೇಳಿದ್ರಾ?"

"ಏನಮ್ಮ?"

"ಮಲಗಿದಾಳಲ್ಲ. ಅವಳನ್ನ ಕೇಳಿ ಬಂದ್ರಾ ಅಂತ ಕೇಳ್ತಾ ಇದೀನಿ."

"ಅಮ್ಮ, ನಾವು ಸ್ಟೂಡೆಂಟ್ಸು. ನೋಡಿ ಕಲಿಯೋಕೆ..."

"ಗೊತ್ತು. ನಿಮ್ಮಂಥವರು ಆರು ಜನ ನನ್ನನ್ನೂ ನೋಡಿ ಕಲಿತಿದಾರೆ. ಹೊರಗೆ ಹೋಗಿ. ಬಾಗಿಲು ತಟ್ಟಿ, ಕೇಳಿ, ಹೂಂ ಅಂದ್ರೆ ಬನ್ನಿ."

ಮೂವರೂ ಡಾಕ್ಟರ ಮುಖ ನೋಡಿದರು. ಡಾಕ್ಟರು ಕನ್ನಡಕ ಏರಿಸಿಕೊಂಡರು. "ಅವರು ಹೇಳಿದ್ದು ಸರಿಯಾಗಿದೆ. ಹೋಗಿ."

ಹೊರಗೆ ಹೋದರು. ಬಾಗಿಲು ತಟ್ಟಿದ ಸದ್ದಾಯಿತು. ಒಬ್ಬಳು ತಲೆ ಒಳಹಾಕಿ, "ನೋಡಬಹುದಾ ಅಕ್ಕ?" ಅಂದಳು.

ಅತ್ತೆ ಸೊಸೆಯ ಕಡೆ ತಿರುಗಿದರು. ಸೊಸೆ ಸ್ವಲ್ಪ ಯೋಚಿಸಿದಳು.

"ನೀನೊಬ್ಬಳು ಬಾ. ಉಳಿದವರು ಬೇಡ."

ಹೊಲಿಗೆ ಬಿಚ್ಚಲು ನಾಲ್ಕು ನಿಮಿಷ ಹಿಡಿಯಿತು. ಡಾಕ್ಟರು ಗಂಟನ್ನು ಕತ್ತರಿಸಿ, ದಾರವನ್ನು ಬಟ್ಟಲಿಗೆ ಹಾಕಿದರು. ಅತ್ತೆ ಬಗ್ಗಿ ನೋಡಿದರು.

"ಗಂಟು ಚೆನ್ನಾಗಿ ಹಾಕಿದೀರಿ," ಅಂದರು.

ಹನ್ನೊಂದು ದಿನದ ಮೇಲೆ ಅದೇ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಎರಡು ಕಿಲೋ ಒಂಬೈನೂರು ಗ್ರಾಂ. ಮಾವ ಅತ್ತೆಗೆ ಕೊಟ್ಟಿದ್ದ ಮಾತು ಆ ಗುರುವಾರವೇ ಮುರಿದಿತ್ತು.